ಹಲಗೆಯ ಖಾಲಿ ಮೂಲೆ

ಮನೆಯಲ್ಲಿ ಎಲ್ಲರೂ ಅವಳನ್ನು ಪಿಟೀಲು ಎಂದೇ ಕರೆಯುತ್ತಿದ್ದರು. ಸಂಗೀತಕ್ಕೂ ಅವಳಿಗೂ ಎಣ್ಣೆ ಸೀಗೆಕಾಯಿ. ಬಾಯಿ ತೆರೆದರೆ ಕುಯ್ಯುತ್ತಲೇ ಇರುತ್ತಾಳೆ ಎಂದು ಆ ಹೆಸರಿಟ್ಟವಳು ಅವಳ ದೊಡ್ಡಮ್ಮ. ಇನ್ನೊಬ್ಬರಿಗೆ ಹಾಗೆ ಹೆಸರಿಡಲು ದೊಡ್ಡಮ್ಮನಿಗೆ ಏನು ಹಕ್ಕಿತ್ತೋ ದೇವರೇ ಬಲ್ಲ! ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಮೈಕಿನಲ್ಲಿ ಹೇಳುವುದೇ ಅವಳ ಉದ್ಯೋಗವಾಗಿತ್ತು. ನಿದ್ದೆಗಣ್ಣಿನಲ್ಲಿದ್ದವರು ಕೂಡ ಆ ದನಿಗೆ ದಡಬಡಿಸಿ ಎದ್ದು ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಮನೆಗೆ ಬಂದ ಮೇಲೂ ಮೈಕು ಆರುತ್ತಿರಲಿಲ್ಲ.

ಈಗ ಆ ಬಾಯಿ ನಿಂತುಹೋಗಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತ ದೊಡ್ಡಮ್ಮ ಹಾಗೆಯೇ ಕುಸಿದಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ ಬಲಗಾಲು ಸೋತವು, ಬಾಯಿ ಒಂದು ಕಡೆಗೆ ವಾಲಿತು, ಮಾತು ಪೂರ್ತಿ ಹೋಯಿತು. ಹೌದು ಎನ್ನಬೇಕಾದಲ್ಲಿ ತಲೆ ಅಡ್ಡ ಆಡುತ್ತಿತ್ತು, ಬೇಡ ಎನ್ನಬೇಕಾದಲ್ಲಿ ಮೇಲೆ ಕೆಳಗೆ. "ಮಾತು ಮಾತ್ರ ಹೋಗಿದೆಯೋ, ತಿಳಿವಳಿಕೆನೂ ಹೋಗಿದೆಯೋ ಹೇಳೋದು ಕಷ್ಟ" ಎಂದರು ಡಾಕ್ಟರು.

ದೊಡ್ಡಮ್ಮನ ಮಗ, ಪಿಟೀಲಿನ ಅಣ್ಣ, ಕನ್ನಡಕದ ಅಂಗಡಿ ಇಟ್ಟವನು. ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಓಡಿಬಂದು ಅಮ್ಮನಿಗೆ ಉಣಿಸಿ, ಬಾಯಿ ಒರೆಸಿ, ಮತ್ತೆ ಓಡುತ್ತಿದ್ದ. ಒಳ್ಳೆಯವನೇ, ಆದರೆ ದಣಿದಿದ್ದ. ಮೊದಮೊದಲು ಅಮ್ಮನ ಜೊತೆ ಮಾತಾಡುತ್ತಿದ್ದವನು ಬರುಬರುತ್ತ ಅಮ್ಮನ ಬಗ್ಗೆ ಮಾತಾಡತೊಡಗಿದ, ಅದೂ ಅವಳ ಎದುರಿಗೇ. "ಪಾಪ, ಇವಳಿಗೇನು ಗೊತ್ತಾಗಬೇಕು" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಪಿಟೀಲು ದೊಡ್ಡಮ್ಮನ ಕಣ್ಣನ್ನೇ ನೋಡುತ್ತಿದ್ದಳು. ಒಳಗೆ ದೊಡ್ಡಮ್ಮ ಇದ್ದಾಳೋ, ಇಲ್ಲವೋ? ಪಿಟೀಲಿಗೆ ಬೇಕಿದ್ದದ್ದು ಅದೊಂದೇ ಉತ್ತರ.

ಪಿಟೀಲಿನ ಕೆಲಸವೇನು ಎಂಬುದು ನೆಂಟರಿಷ್ಟರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಫೋನು, ಯಂತ್ರ, ತೆರೆ, ಇವುಗಳ ಮುಂದೆ ಕೂತ ಮನುಷ್ಯ ತಬ್ಬಿಬ್ಬಾಗಬಾರದು. ಯಾವುದು ಎಲ್ಲಿರಬೇಕು, ಒತ್ತಿದರೆ ಏನಾಗಬೇಕು ಎಂದು ಬಳಸುವವರನ್ನೇ ನೋಡಿ ನೋಡಿ ರೂಪಿಸುವ ಕೆಲಸ ಅದು. ಬಾಯಿದ್ದ ಕಾಲದಲ್ಲಿ ದೊಡ್ಡಮ್ಮ ಇದನ್ನು ಮದುವೆಮನೆಗಳಲ್ಲೆಲ್ಲ ಸಾರಿದ್ದಳು: "ನಮ್ಮ ಪಿಟೀಲಿಗೆ ಗುಂಡಿ ಎಲ್ಲಿಡಬೇಕು ಅಂತ ಹೇಳೋಕೆ ಸಂಬಳ ಕೊಡ್ತಾರಂತೆ! ನಮ್ಮ ದರ್ಜಿ ಇಷ್ಟು ವರ್ಷ ಬಿಟ್ಟಿಯಾಗಿ ಹೇಳ್ತಿದ್ದನಲ್ಲ!"

ಆಫೀಸಿನಲ್ಲಿ ಈಗ ಕೈಗೆತ್ತಿಕೊಂಡಿದ್ದದ್ದು ಮಾತು ಹೋದವರಿಗಾಗಿ ಒಂದು ಯಂತ್ರ. ಪುಸ್ತಕದಷ್ಟು ಅಗಲದ ತೆರೆ, ಅದರ ಮೇಲೆ ಚಿತ್ರಗಳು. ಬೆರಳಿಟ್ಟರೆ ಯಂತ್ರ ಆ ಮಾತನ್ನು ಗಟ್ಟಿಯಾಗಿ ಹೇಳಬೇಕು. ಪಿಟೀಲಿನ ಜೊತೆಗಾರ ಮೌನಿ. ಜನ ಯಂತ್ರ ಬಳಸುವುದನ್ನು ತುಟಿ ಪಿಟಕ್ಕೆನ್ನದೆ ನೋಡಿ ಬರೆದುಕೊಳ್ಳುವುದು ಅವನ ಪಾಲು, ಅದಕ್ಕೇ ಆ ಹೆಸರು. ಹೊಸಬರು ಯಾರಾದರೂ ಈ ಕೆಲಸದ ಕ್ರಮವೇನು ಎಂದು ಕೇಳಿದರೆ ಮಾತ್ರ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ: "ಹೋಗಿ ನೋಡು, ಕೇಳು, ಬರೆ, ಕತ್ತರಿಸು, ತೋರಿಸು, ಬೈಸಿಕೋ, ಮತ್ತೆ ಹೋಗಿ ನೋಡು." ಮುಗಿಯೋದು ಯಾವಾಗ ಎಂದು ಕೇಳಿದರೆ ಪಾಪದ ಪ್ರಾಣಿಯ ಹಾಗೆ ನಕ್ಕುಬಿಡುತ್ತಿದ್ದ.

ಅದರಂತೆ ಇಬ್ಬರೂ ಮನೆಮನೆ ಅಲೆದಿದ್ದರು. ಮಾತು ಹೋದವರ ಗಂಡಂದಿರು, ಹೆಂಡಂದಿರು, ಸೊಸೆಯಂದಿರು, ನರ್ಸುಗಳು, ಯಾರನ್ನು ಕೇಳಿದರೂ ಉತ್ತರ ಒಂದೇ. ನೀರು, ಊಟ, ಶೌಚಾಲಯ, ನೋವು, ನಿದ್ದೆ, ಹೊದಿಕೆ, ಫ್ಯಾನು, ಟಿವಿ. ಪಿಟೀಲು ಒಂದೊಂದಕ್ಕೂ ಚಂದದ ಚಿತ್ರ ಬರೆದಳು.

ನಿಜವಾದ ಯಂತ್ರ ಕಟ್ಟುವ ಮೊದಲು ಕಾಗದದ ಯಂತ್ರ ಮಾಡಿ ನೋಡುವುದು ಇವರ ಪದ್ಧತಿ. ಒಂದು ರಟ್ಟಿನ ಹಲಗೆ, ಅದರ ಮೇಲೆ ಚಿತ್ರದ ಚೀಟಿಗಳು. ಯಂತ್ರದ ಪಾತ್ರವನ್ನು ಒಬ್ಬ ಮನುಷ್ಯನೇ ಮಾಡಬೇಕು. ಬಳಸುವವರು ಬೆರಳಿಟ್ಟರೆ ಆ ಮಾತನ್ನು ಓದಬೇಕು, ಇಲ್ಲದಿದ್ದರೆ ಕಲ್ಲಿನ ಹಾಗೆ ಕೂತಿರಬೇಕು. ಊಹಿಸಬಾರದು, ಸಹಾಯ ಮಾಡಬಾರದು, ನಗಬಾರದು. ಪಿಟೀಲಿನಂಥವಳಿಗೆ ಇದಕ್ಕಿಂತ ಘೋರ ಶಿಕ್ಷೆ ಬೇಕೆ! ಆದರೂ ದೊಡ್ಡಮ್ಮನ ಮುಂದೆ ಯಂತ್ರ ನಾನೇ ಆಗುತ್ತೇನೆ ಎಂದು ಹಟ ಹಿಡಿದಳು.

ಹಲಗೆಯಲ್ಲಿ ಒಂದು ಮೂಲೆ ಖಾಲಿ ಉಳಿದಿತ್ತು. ಅಲ್ಲಿಗೆ ಏನಿಡಬೇಕೆಂದು ಪಿಟೀಲಿಗೆ ಹೊಳೆದಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವ ಹೆಣ್ಣೇ ಅವಳು? "ಕಣ್ಣಿಗೂ ಉಸಿರಾಡೋಕೆ ಜಾಗ ಬೇಕು" ಎಂದು ಆಫೀಸಿನಲ್ಲಿ ದೊಡ್ಡ ಭಾಷಣ ಬಿಗಿದಿದ್ದಳು. ಚೀಟಿ ಕತ್ತರಿಸುವಾಗ ಬ್ಲೇಡು ಜಾರಿ ಎಡಗೈ ತೋರುಬೆರಳು ಬೇರೆ ಕುಯ್ದುಕೊಂಡಿದ್ದಳು. ಅದಕ್ಕೊಂದು ಪ್ಲಾಸ್ಟರು ಸುತ್ತಿ, ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು, ಮೌನಿಯನ್ನು ಎಳೆದುಕೊಂಡು ದೊಡ್ಡಮ್ಮನ ಮನೆಗೆ ಹೊರಟಳು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದೊಡ್ಡಮ್ಮನನ್ನು ದಿಂಬುಗಳ ನಡುವೆ ಕೂರಿಸಿದ್ದರು. ಪಿಟೀಲು ಎದುರಿಗೆ ಕೂತು ಹಲಗೆ ಇಟ್ಟಳು. ದೊಡ್ಡಮ್ಮ ಹಲಗೆಯನ್ನು ನೋಡಲೇ ಇಲ್ಲ, ಎಡಗೈ ಚಾಚಿ ಪಿಟೀಲಿನ ಕೈ ಹಿಡಿದುಕೊಂಡಳು. ಆದರೆ ಯಂತ್ರಕ್ಕೆ ಕೈ ಎಲ್ಲಿಂದ ಬರಬೇಕು? ನಿಯಮ ನಿಯಮವೇ. ಪಿಟೀಲು ಮೆಲ್ಲಗೆ ಕೈ ಬಿಡಿಸಿಕೊಂಡು, ದೊಡ್ಡಮ್ಮನ ಬೆರಳನ್ನು ಹಲಗೆಯ ಮೇಲಿಟ್ಟಳು. ಆ ಬೆರಳು ಸ್ವಲ್ಪ ಹೊತ್ತು ಅಲೆದಾಡಿ ನೋವಿನ ಚಿತ್ರದ ಮೇಲೆ ನಿಂತಿತು.

"ನನಗೆ ನೋವಾಗ್ತಿದೆ" ಎಂದು ಯಂತ್ರ ಓದಿತು.

ಸರಿ, ಶುರುವಾಯಿತು ಗಲಾಟೆ. ಅಣ್ಣ ಗಾಬರಿಯಿಂದ "ಎಲ್ಲಿ ಅಮ್ಮ? ಹೊಟ್ಟೆನಾ? ಎದೆನಾ?" ಎಂದು ತಡಕಾಡಿದ. ಡಾಕ್ಟರಿಗೆ ಫೋನು ಹೋಯಿತು. ಅವರು ಬಂದು ಅಲ್ಲಿ ಒತ್ತಿ ಇಲ್ಲಿ ಒತ್ತಿ, ಏನೂ ಕಾಣದೆ ಒಂದು ಮಾತ್ರೆ ನುಂಗಿಸಿ ಹೋದರು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು.

ಎರಡನೇ ಸಲ ಹೋದಾಗ ಅವಳು ಯಾವ ಚಿತ್ರವನ್ನೂ ಮುಟ್ಟಲಿಲ್ಲ. ಬೆರಳು ನೀರನ್ನು ದಾಟಿ, ಊಟವನ್ನು ದಾಟಿ, ಹೋಗಿ ಹೋಗಿ ಖಾಲಿ ಮೂಲೆಯಲ್ಲಿ ಕೂತಿತು. ಅಲ್ಲೇ ಟಕ್ ಟಕ್ ಎಂದು ಬಡಿಯಿತು. ಯಂತ್ರಕ್ಕೆ ಸುಮ್ಮನಿರಲಾಗಲಿಲ್ಲ, ಕಳ್ಳ ಬೆಕ್ಕಿನ ಹಾಗೆ ನೀರಿನ ಚೀಟಿಯನ್ನು ಆ ಕಡೆಗೆ ಸರಿಸಿತು. ಮೌನಿ ಕೆಮ್ಮಿದ. ದೊಡ್ಡಮ್ಮ ನೀರಿನ ಚೀಟಿಯನ್ನು ಪಕ್ಕಕ್ಕೆ ತಳ್ಳಿ ಮತ್ತೆ ಖಾಲಿ ಜಾಗವನ್ನೇ ಬಡಿದಳು.

"ನೋಡಿದ್ಯಾ?" ಅಣ್ಣನ ದನಿ ಸೋತಿತ್ತು. "ಮೊನ್ನೆ ಇಲ್ಲದ ನೋವು ಅಂದ್ಲು. ಇವತ್ತು ಏನೂ ಇಲ್ಲದ ಕಡೆ ಕುಟ್ತಿದಾಳೆ. ಇವಳಿಗೆ ಏನೂ ತಿಳೀತಿಲ್ಲ ಕಣೇ. ಸುಮ್ನೆ ಯಾಕೆ ಗೋಳು ಹುಯ್ಕೋತೀಯ?"

"ಇನ್ನೊಂದೇ ಒಂದು ಸಲ, ಅಣ್ಣ."

"ಅದೇ ಕೊನೆ. ಆಮೇಲೆ ಈ ರಟ್ಟು ಗಿಟ್ಟು ಎಲ್ಲ ನಿಮ್ಮ ಆಫೀಸಲ್ಲೇ ಇಟ್ಕೋ."

ಆಫೀಸಿಗೆ ಬಂದವಳೇ ಪಿಟೀಲು ಕುರ್ಚಿಯಲ್ಲಿ ದೊಪ್ಪನೆ ಕೂತಳು. ಅವಳ ಪ್ರಕಾರ ಚಿತ್ರಗಳು ಸ್ಪಷ್ಟವಾಗಿರಲಿಲ್ಲ, ಬಣ್ಣ ಸಾಲದಾಗಿತ್ತು, ಇನ್ನೂ ದೊಡ್ಡದಾಗಿ ಬರೆಯಬೇಕಿತ್ತು. ಒಂದೇ ಸಮನೆ ವಟಗುಟ್ಟುತ್ತಾ ಮತ್ತೆ ಬ್ಲೇಡು ಹಿಡಿದಳು, ಅದೇ ಕೈಯ ಇನ್ನೊಂದು ಬೆರಳನ್ನು ಕುಯ್ದುಕೊಂಡಳು. ಮೌನಿ ಪ್ಲಾಸ್ಟರು ತಂದುಕೊಟ್ಟು ಎದುರು ಕೂತ.

"ಒಂದು ಕೇಳ್ಲಾ? ನಾವು ಅಷ್ಟು ಮನೆ ಸುತ್ತಿದ್ವಲ್ಲ, ಯಾರನ್ನ ಕೇಳಿದ್ವಿ?"

"ಯಾರನ್ನ ಅಂದ್ರೆ? ಮನೆಯವರನ್ನ."

"ಮಾತು ಹೋದವರನ್ನ?"

ಮಾತು ಹೋದವರನ್ನು ಕೇಳುವುದು ಹೇಗೆ ಎಂಬ ಉತ್ತರ ಪಿಟೀಲಿನ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಅದನ್ನು ಹೇಳಲು ನಾಚಿಕೆಯಾಯಿತು.

"ಬಳಸೋರು ತಪ್ಪು ಒತ್ತಿದ್ರೆ ತಪ್ಪು ಅವರದ್ದಲ್ಲ, ಕಾಗದದ್ದು ಅಂತ ಎಲ್ಲರಿಗೂ ಪಾಠ ಹೇಳ್ತೀವಿ" ಎಂದ ಮೌನಿ. "ನಿಮ್ಮ ದೊಡ್ಡಮ್ಮನಿಗೆ ಮಾತ್ರ ಬೇರೆ ನ್ಯಾಯನಾ? ಏನೂ ಬರೆಯದ ಒಂದು ಚೀಟಿ ಕತ್ತರಿಸು. ಮತ್ತೆ ಮನೆಯವರ ಫೋಟೋ ಇದ್ರೆ ತಗೊಂಡು ಬಾ." ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಆಫೀಸು ಕಂಡಿರಲಿಲ್ಲ.

ಕೊನೆಯ ಸಲ. ಅಣ್ಣ ಬಾಗಿಲ ಚೌಕಟ್ಟಿಗೆ ಒರಗಿ ಕೈಕಟ್ಟಿ ನಿಂತಿದ್ದ. ಪಿಟೀಲು ಹಲಗೆಯ ಜಾಗಗಳನ್ನೆಲ್ಲ ತುಂಬಿಸಿದಳು. ಮೂಲೆಯಲ್ಲಿ ಈಗ ನಿದ್ದೆಯ ಚಿತ್ರವಿತ್ತು, ಖಾಲಿ ಚೀಟಿ ನಡುವಿನಲ್ಲಿ. ಹಳೆಯ ಅಭ್ಯಾಸಕ್ಕೆ ಸುಮ್ಮನೆ ಮೂಲೆ ಕುಟ್ಟುತ್ತಿದ್ದರೆ ಬೆರಳು ಮೂಲೆಗೇ ಹೋಗಬೇಕು.

ಬೆರಳು ಮೂಲೆಯವರೆಗೆ ಹೋಯಿತು. ನಿದ್ದೆಯ ಚಿತ್ರದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ತಿರುಗಿ, ನಿಧಾನವಾಗಿ, ನಡುವಿನ ಖಾಲಿ ಚೀಟಿಗೆ ಬಂದು ಟಕ್ ಎಂದಿತು.

ಚೀಟಿಯನ್ನು ಮೇಲಕ್ಕಿಟ್ಟರೆ ಬೆರಳು ಮೇಲಕ್ಕೆ ಬಂತು. ಕೆಳಗಿಟ್ಟರೆ ಕೆಳಕ್ಕೆ. ಇನ್ನೊಮ್ಮೆ ಬದಲಿಸಲು ಹೋದಾಗ ದೊಡ್ಡಮ್ಮ ಕಣ್ಣೆತ್ತಿ ಪಿಟೀಲನ್ನು ನೋಡಿದಳು. ಸೀಟಿ ಊದಿದರೂ ಬಸ್ಸು ಹತ್ತದೆ ಹರಟುತ್ತಾ ನಿಂತ ಪ್ರಯಾಣಿಕರನ್ನು ಗಾಜಿನ ಕೋಣೆಯಿಂದ ನೋಡುತ್ತಿದ್ದ ಅದೇ ನೋಟ!

ಪಿಟೀಲಿಗೆ ಆಗ ಅರ್ಥವಾಯಿತು. ಎರಡನೇ ಸಲವೂ ದೊಡ್ಡಮ್ಮ ಇದನ್ನೇ ಹೇಳುತ್ತಿದ್ದಳಲ್ಲ! ನನಗೆ ಬೇಕಾದದ್ದು ನೀವು ಬರೆದಿರುವುದರಲ್ಲಿ ಇಲ್ಲ ಎಂದು. ಇಷ್ಟು ಜನ ಓದಿದವರು ಕೂತು ತಲೆ ಕೆರೆದುಕೊಂಡರೂ ಹೊಳೆಯದ ಗುಂಡಿಯೊಂದನ್ನು ದೊಡ್ಡಮ್ಮ ಒಬ್ಬಳೇ, ಒಂದು ಬೆರಳಿನಲ್ಲಿ, ಮಾಡಿಕೊಂಡಿದ್ದಳು. ನಾವೋ, ಅದನ್ನು ತಿಳಿಗೇಡಿತನ ಎಂದುಕೊಂಡಿದ್ದೆವು.

"ಫೋಟೋ" ಎಂದು ಮೌನಿ ಪಿಸುಗುಟ್ಟಿದ.

ಪಿಟೀಲು ಹಲಗೆಯ ಪಕ್ಕದಲ್ಲಿ ಮುಖಗಳನ್ನು ಜೋಡಿಸಿದಳು. ಅಣ್ಣ, ಡಾಕ್ಟರು, ದೊಡ್ಡಮ್ಮ, ತಾನು. ದೊಡ್ಡಮ್ಮ ಒಂದೊಂದನ್ನೂ ನೋಡಿದಳು. ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದಳು. ಪಿಟೀಲಿನ ಫೋಟೋದ ಮೇಲೆ ಬೆರಳೂರಿ, ಮೇಜಿನ ಮೇಲೆ ತೆವಳಿಸುತ್ತಾ ಎಳೆದು ತಂದು, ನೋವಿನ ಚಿತ್ರದ ಪಕ್ಕಕ್ಕೆ ಒತ್ತಿ ಇಟ್ಟಳು.

ಒಂದು ಚಿತ್ರಕ್ಕೆ ಒಂದು ಮಾತು ಎಂದು ಇವರು ಕಟ್ಟಿದ ಯಂತ್ರ ಅದು. ಎರಡನ್ನು ಕೂಡಿಸಿ ಮೂರನೆಯದನ್ನು ಹೇಳಬಹುದೆಂದು ಯಾರ ತಲೆಗೂ ಬಂದಿರಲಿಲ್ಲ. ಮೌನಿಯ ಪೆನ್ನು ನಿಂತಿತು.

"ಪಿಟೀಲು... ನೋವು" ಎಂದು ಯಂತ್ರ ಓದಿತು. ಮರುಕ್ಷಣ ಯಂತ್ರ ಗಿಂತ್ರ ಎಲ್ಲ ಮರೆತು ಕೇಳಿತು: "ನಂಗೆ? ನಂಗೇನು ನೋವು, ದೊಡ್ಡಮ್ಮ?"

ದೊಡ್ಡಮ್ಮ ಕೈ ಚಾಚಿ ಅವಳ ಎಡಗೈ ಹಿಡಿದಳು, ಮೊದಲ ದಿನ ಹಿಡಿದ ಹಾಗೆಯೇ. ಈ ಸಲ ಪಿಟೀಲು ಬಿಡಿಸಿಕೊಳ್ಳಲಿಲ್ಲ. ದೊಡ್ಡಮ್ಮನ ಹೆಬ್ಬೆರಳು ಅವಳ ತೋರುಬೆರಳಿನ ಮಾಸಿದ ಪ್ಲಾಸ್ಟರಿನ ಮೇಲೆ ನಿಂತಿತು, ಆಮೇಲೆ ಪಕ್ಕದ ಹೊಸ ಪ್ಲಾಸ್ಟರಿನ ಮೇಲೆ. ದೊಡ್ಡಮ್ಮ ಆ ಬೆರಳುಗಳನ್ನು ತನ್ನ ಮುಖದ ಹತ್ತಿರಕ್ಕೆ ಎಳೆದುಕೊಂಡು, ನೆಟ್ಟಗಿದ್ದ ಅರ್ಧ ಬಾಯಿಯಿಂದ ಉಫ್ ಎಂದು ಊದಿದಳು. ಪಿಟೀಲು ಚಿಕ್ಕವಳಿದ್ದಾಗ ಬಿದ್ದು ಮಂಡಿ ತರಚಿಕೊಂಡು ಬಂದರೆ ಹೀಗೇ ಊದುತ್ತಿದ್ದಳು. ಗಾಳಿ ಅರ್ಧ ಬೆರಳಿಗೆ ಬಂತು, ಅರ್ಧ ಎಲ್ಲೋ ಹೋಯಿತು.

ಪಿಟೀಲು ಗೊಳೋ ಎಂದು ಅತ್ತುಬಿಟ್ಟಳು. "ಅಯ್ಯೋ, ಮೊದಲ ದಿನದಿಂದ ನೀನು ಇದನ್ನೇ ಕೇಳ್ತಿದ್ಯಾ! ನಿನಗೆ ಮಾತ್ರೆ ನುಂಗಿಸಿದ್ವಲ್ಲ ನಾವು!" ನೀರು, ಊಟ, ಹೊದಿಕೆ, ಹಲಗೆಯ ತುಂಬ ದೊಡ್ಡಮ್ಮನಿಗೆ ಬೇಕಾದದ್ದನ್ನೇ ಬರೆದಿದ್ದರು. ಅವಳಿಗೆ ಇನ್ನೊಬ್ಬರ ಯೋಚನೆ ಇರಬಹುದೆಂದು ಒಬ್ಬರೂ ಬರೆದಿರಲಿಲ್ಲ. ಇದ್ದಾಳೆ, ದೊಡ್ಡಮ್ಮ ಇದ್ದಾಳೆ, ಇಡಿಯಾಗಿ ಇದ್ದಾಳೆ!

ಅಣ್ಣ ಬಾಗಿಲಿನಿಂದ ಕದಲಿರಲಿಲ್ಲ. ಇಷ್ಟು ದಿನ ಅಮ್ಮನ ಎದುರಿಗೇ ಆಡಿದ ಮಾತೆಲ್ಲ ಒಂದೊಂದಾಗಿ ನೆನಪಾಗುತ್ತಿರಬೇಕು. ದೊಡ್ಡಮ್ಮ ಅವನ ಕಡೆ ನೋಡಿದಳು. ಅವನ ಫೋಟೋವನ್ನು ಹುಡುಕಿ, ಎಳೆದು ತಂದು, ಊಟದ ಚಿತ್ರದ ಪಕ್ಕದಲ್ಲಿಟ್ಟಳು. ಇದನ್ನು ಓದಲು ಯಾವ ಯಂತ್ರವೂ ಬೇಕಾಗಲಿಲ್ಲ.

"ಊಟ ಇನ್ನೂ ಇಲ್ಲ ಅಮ್ಮ" ಎಂದ ಅಣ್ಣ. ಅಂಗಡಿ ಮುಚ್ಚಿ ನೇರ ಇಲ್ಲಿಗೇ ಬಂದಿದ್ದ, ಎಂದಿನ ಹಾಗೆ. "ಇನ್ನು ಮೇಲೆ ಮಾಡ್ತೀನಿ. ನಿನ್ನ ಜೊತೇಲೇ ಕೂತು ಮಾಡ್ತೀನಿ." ಬಂದು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ತಲೆಯನ್ನು ಅವಳ ಮಂಡಿಗೆ ಆನಿಸಿದ. ದೊಡ್ಡಮ್ಮನ ಕೈ ಅವನ ತಲೆಯ ಮೇಲೆ ಸ್ವಲ್ಪ ಹೊತ್ತು ಇತ್ತು.

ಆಮೇಲೆ ಆ ಕೈ ಹಲಗೆಗೆ ವಾಪಸ್ಸು ಬಂದು ಖಾಲಿ ಚೀಟಿಯನ್ನು ಬಡಿಯಿತು. ಟಕ್, ಟಕ್. ಇನ್ನೂ ಇದೆ. ಇಷ್ಟು ದಿನದ ಬಾಕಿ ಮಾತು, ಅದೂ ಮೈಕಿನದ್ದು!

"ತಡಿ ದೊಡ್ಡಮ್ಮ, ಹೊಸ ಚೀಟಿ ಮಾಡ್ತೀನಿ. ಏನು ಬೇಕೋ ಎಲ್ಲ ಮಾಡ್ತೀನಿ." ಪಿಟೀಲು ಮೂಗೊರೆಸಿಕೊಂಡು, ಚೀಲ ತಡಕಿ, ಕಾಗದ ತೆಗೆದು, ಬ್ಲೇಡನ್ನು ಮೇಜಿನ ಮೇಲಿಟ್ಟಳು.

ದೊಡ್ಡಮ್ಮ ಬ್ಲೇಡನ್ನು ನೋಡಿದಳು. ಪಿಟೀಲಿನ ಬೆರಳುಗಳನ್ನು ನೋಡಿದಳು. ಎಡಗೈಯಿಂದ ಬ್ಲೇಡನ್ನು ಮೆಲ್ಲಗೆ ಸರಿಸಿ ಮೌನಿಯ ಮುಂದೆ ಇಟ್ಟಳು.