ಮಹಾರಾಣಿಯ ಗಾಡಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ದೊಡ್ಡಸ್ತಿಕೆ ಎಂಬಂತೆ ಹೇಳಿಕೊಂಡು ಓಡಾಡುತ್ತಿದ್ದ ಕಾಲವೂ ಇತ್ತು. ಈಗ ಹೇಳುವಾಗ ತಲೆ ತಗ್ಗುತ್ತದೆ.

ನಮ್ಮದು ಸಣ್ಣ ಜಮೀನು, ನಾಲ್ಕು ಹಸು. ಇರುವವರು ನಾನು ಮತ್ತು ಅಕ್ಕ, ಇಬ್ಬರೇ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಬಲ ಮಂಡಿ ಕೈಕೊಟ್ಟ ಮೇಲೆ ಒಂದು ಕರೆಂಟ್ ಗಾಡಿ ತಂದೆ. ಹುಲ್ಲು, ಗೊಬ್ಬರ, ಹಾಲಿನ ಕ್ಯಾನು, ಏನು ಹೇರಿದರೂ ಸದ್ದಿಲ್ಲದೆ ಹೋಗುತ್ತದೆ. ಕೂತು ಓಡಿಸಲು ಮುಂದೊಂದು ಸೀಟಿದೆ. ಅಕ್ಕನಿಗಾಗಿ ತಂದೆ ಎಂದು ಸಿಕ್ಕಸಿಕ್ಕವರ ಮುಂದೆಲ್ಲ ಕೊಚ್ಚಿಕೊಂಡೆ. ಅವಳು ಒಂದೇ ದಿನದಲ್ಲಿ ಓಡಿಸಲು ಕಲಿತು, "ಹಸುಗಿಂತ ಇದೇ ವಾಸಿ ಕಣೋ, ಒದೆಯಲ್ಲ" ಅಂದಳು.

ಗಾಡಿಯನ್ನು ಚಾರ್ಜಿಗೆ ಹಾಕುವುದು ಕೊಟ್ಟಿಗೆಯಲ್ಲಿ. ಸಂಜೆ ಅಕ್ಕ ಪ್ಲಗ್ ಸಿಕ್ಕಿಸಿ ಅಡುಗೆಮನೆಗೆ ಹೋಗುತ್ತಾಳೆ, ಆಮೇಲೆ ನಾನು ಕೊಟ್ಟಿಗೆಯ ಬಾಗಿಲು ಹಾಕಿ ಬರುತ್ತೇನೆ. ಆದರೂ ವಾರಕ್ಕೆ ಎರಡು ಸಲವಾದರೂ ಬೆಳಗ್ಗೆ ಗಾಡಿ ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ಗೇಟಿಗೆ ಹಾಲಿನ ವ್ಯಾನು ಆರೂವರೆಗೆ ಬರುತ್ತದೆ, ಐದು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ.

ಅಂಥದ್ದೇ ಒಂದು ಬೆಳಗ್ಗೆ ಇಬ್ಬರೂ ಗಾಡಿ ತಳ್ಳಿಕೊಂಡು ಏದುಸಿರು ಬಿಡುತ್ತಾ ಗೇಟಿಗೆ ಬಂದೆವು. ವ್ಯಾನಿನ ಡ್ರೈವರ್ ನಮ್ಮನ್ನು ನೋಡಿ ಆಮೇಲೆ ಗಡಿಯಾರ ನೋಡಿಕೊಂಡ. ನನ್ನ ಪಿತ್ತ ನೆತ್ತಿಗೇರಿತು.

"ಹಗಲೆಲ್ಲಾ ಮಹಾರಾಣಿ ಥರ ಸವಾರಿ ಮಾಡಿದ್ರೆ ಚಾರ್ಜು ಎಲ್ಲಿ ಉಳಿಯುತ್ತೆ? ಪಕ್ಕದ ಮನೆಗೆ ಹರಟೆ ಹೊಡೆಯೋಕೂ ಇದ್ರಲ್ಲೇ ಹೋಗ್ತೀಯೇನೋ."

"ಇಲ್ವೋ, ಸಂಜೆ ನೀನು..."

"ಎದುರು ಮಾತಾಡ್ಬೇಡ. ಕೀ ಕೊಡು ಇಲ್ಲಿ."

ಅಕ್ಕ ಕೀ ಕೊಟ್ಟಳು. ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹೋದಲ್ಲೆಲ್ಲ ಹೇಳಿದನೋ ಏನೋ, ಅಂದಿನಿಂದ ಅಕ್ಕನ ಹೆಸರು ಮಹಾರಾಣಿ ಎಂದಾಯಿತು. ದಾರಿಯಲ್ಲಿ ಹೋಗುವವರೂ ಹಾಗೇ ಕರೆಯತೊಡಗಿದರು. ನಿಜ ಹೇಳಬೇಕೆಂದರೆ ನನಗೆ ಅದರಲ್ಲಿ ಒಂಥರಾ ಖುಷಿಯಿತ್ತು.

ಕೀ ನನ್ನ ಜೇಬಿಗೆ ಬಂತು. ಅಕ್ಕ ಮೂಲೆಗೆ ಎಸೆದಿದ್ದ ಹಳೆ ಕೈಗಾಡಿ ಎಳೆದುಕೊಂಡು, ಕುಂಟುತ್ತಾ ಗೊಬ್ಬರ ಸಾಗಿಸಿದಳು. ಆದರೆ ನಾನೇ ಓಡಿಸಿದರೂ ಗಾಡಿ ಸರಿಹೋಗಲಿಲ್ಲ, ಇನ್ನೂ ಹದಗೆಟ್ಟಿತು. ಮೂರನೇ ದಿನ ಕೊಟ್ಟಿಗೆಯಿಂದ ಕದಲಲೇ ಇಲ್ಲ. ಅವತ್ತು ಹಾಲನ್ನು ಗೇಟಿಗೆ ಮುಟ್ಟಿಸಿದ್ದು ಅಕ್ಕನ ಕೈಗಾಡಿಯೇ. ಮಾರಿದವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ.

ಸಂಜೆ ಮೆಕ್ಯಾನಿಕ್ ಬಂದ. ಎಲ್ಲ ಬಿಚ್ಚಿ ನೋಡಿ, "ಗಾಡೀಲಿ ಏನೂ ತೊಂದ್ರೆ ಇಲ್ಲ ಸಾರ್. ಬೆಳಗಿನ ತನಕ ಚಾರ್ಜಿಗಿರ್ಲಿ" ಎಂದು ಪ್ಲಗ್ ಸಿಕ್ಕಿಸಿದ. ಚಾರ್ಜರಿನ ಕೆಂಪು ದೀಪ ಹತ್ತಿತು. ಇಬ್ಬರೂ ಹೊರಗೆ ಹೊರಟೆವು. ಬಾಗಿಲ ಹತ್ತಿರ ನಾನು ಸ್ವಿಚ್ ಬೋರ್ಡಿನ ಮೇಲೆ ಅಂಗೈ ಸವರಿದೆ.

"ಚಾರ್ಜರೂ ಆಫ್ ಮಾಡ್ಬಿಟ್ರಲ್ಲ ಸಾರ್" ಅಂದ.

ತಿರುಗಿ ನೋಡಿದೆ. ಕೊಟ್ಟಿಗೆಯೆಲ್ಲ ಕತ್ತಲೆ, ಕೆಂಪು ದೀಪವೂ ಇಲ್ಲ. ಕೋಣೆಯಿಂದ ಹೊರಬರುವಾಗ ಬೋರ್ಡಿನ ಮೇಲೆ ಒಮ್ಮೆ ಕೈ ಸವರಿ ಎಲ್ಲವನ್ನೂ ಆರಿಸಬೇಕು ಎಂಬುದು ಅಪ್ಪ ಕಲಿಸಿದ್ದು. ನಲವತ್ತು ವರ್ಷದಿಂದ ಸವರುತ್ತಿದ್ದೇನೆ. ಲೈಟು, ಫ್ಯಾನು, ಚಾರ್ಜರು ಎಂಬ ಭೇದ ನನ್ನ ಕೈಗೆ ಗೊತ್ತಿಲ್ಲ. ನಿಂತ ನೆಲ ಬಾಯಿ ಬಿಡಬಾರದೇ ಅನಿಸಿತು.

ಮೆಕ್ಯಾನಿಕ್ ಹೋದ ಮೇಲೆ ಅಡುಗೆಮನೆಗೆ ಬಂದೆ. ಅಕ್ಕ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

"ನಿನಗೆ ಗೊತ್ತಿತ್ತಾ?"

"ಸ್ವಿಚ್ಚಾ? ಗೊತ್ತಿತ್ತು. ಮಂಡಿ ನೋಯದಿದ್ದ ದಿನ ಊಟ ಆದ್ಮೇಲೆ ಹೋಗಿ ಹಾಕಿ ಬರ್ತಿದ್ದೆ. ನೋವಿದ್ದ ದಿನ ಆಗ್ತಿರ್ಲಿಲ್ಲ."

"ಮೊದಲೇ ಹೇಳಬಾರದಿತ್ತಾ?"

"ದಿನವಿಡೀ ದುಡಿದು ಬಂದಿರ್ತೀಯ, ಇದಕ್ಕೊಂದು ರಂಪ ಯಾಕೆ ಅಂತ ಸುಮ್ನಿದ್ದೆ. ಅವತ್ತು ಹೇಳೋಕೆ ಬಾಯಿ ತೆಗೆದೆ. ನೀನು ಬಿಡ್ಲಿಲ್ಲ."

ಅಷ್ಟೇ ಹೇಳಿ ಎಣ್ಣೆ ಬಾಟಲಿಯ ಮುಚ್ಚಳ ಹಾಕಿದಳು. ಅಂದರೆ, ಅವಳಿಗೆ ನಡೆಯಲಾಗದ ದಿನವೇ ಆ ಗಾಡಿ ನಿಲ್ಲುತ್ತಿದ್ದದ್ದು. ಅಂಥ ದಿನವೇ ನಾನು ಅವಳಿಂದ ಅದನ್ನು ತಳ್ಳಿಸಿ, ಪರರ ಮುಂದೆ ಹೀಯಾಳಿಸಿದ್ದೆ. ಕ್ಷಮಿಸು ಎನ್ನಲು ಹೋದರೆ ನಾಲಿಗೆ ಹೊರಳಲಿಲ್ಲ. ಬೈಯಲು ಒಮ್ಮೆಯೂ ತಡವರಿಸದ ನಾಲಿಗೆ ಅದು. ಎಲ್ಲರೆದುರು ಅಂದದ್ದನ್ನು ಎಲ್ಲರೆದುರೇ ವಾಪಸು ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸಿದೆ.

ಬೆಳಗ್ಗೆ ಚಾರ್ಜು ಭರ್ತಿಯಾಗಿತ್ತು. ಎಷ್ಟು ಕರೆದರೂ ಅಕ್ಕ ಸೀಟಿಗೆ ಹತ್ತಲಿಲ್ಲ, ಪಕ್ಕದಲ್ಲೇ ನಡೆದು ಬಂದಳು. ಗೇಟಿನಲ್ಲಿ ಡ್ರೈವರ್ ಹಲ್ಲು ಕಿರಿದ.

"ಏನು, ಮಹಾರಾಣಿಯವ್ರು ಇವತ್ತು ಕಾಲ್ನಡಿಗೇಲಿ?"

"ನೋಡಪ್ಪಾ, ಅಕ್ಕಂದು ಏನೂ ತಪ್ಪಿಲ್ಲ. ದಿನಾ ಸಂಜೆ ಚಾರ್ಜರ್ ಆರಿಸ್ತಿದ್ದೋನು ನಾನೇ. ಇನ್ಮೇಲೆ ಅವಳನ್ನ ಹಾಗೆ ಕರೀಬೇಡ."

ಅವನು ಕ್ಯಾನು ಎತ್ತುತ್ತಿದ್ದವನು ನಿಂತ. ನನ್ನನ್ನೂ ಅಕ್ಕನನ್ನೂ ನೋಡಿದ. ಅವನ ಮುಖ ಮೆತ್ತಗಾಯಿತು.

"ಎಂಥಾ ಮನಸ್ಸು ಸಾರ್ ನಿಮ್ದು. ಅಕ್ಕನ ಮರ್ಯಾದೆ ಉಳಿಸೋಕೆ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ಳೋ ತಮ್ಮ ಈ ಕಾಲದಲ್ಲಿ ಎಲ್ಲಿ ಸಿಗ್ತಾನೆ. ಪುಣ್ಯ ಮಾಡಿದ್ರಿ ಅಕ್ಕ ನೀವು."

"ಹಾಗಲ್ಲಯ್ಯಾ, ನಿಜವಾಗ್ಲೂ ನಾನೇ..."

"ಗೊತ್ತಾಯ್ತು ಬಿಡಿ ಸಾರ್" ಎಂದು ಕಣ್ಣು ಮಿಟುಕಿಸಿ ವ್ಯಾನು ಹತ್ತಿದ. ಮುಂದಿನ ಮನೆಗಳಲ್ಲಿ ಅವನು ಏನು ಹೇಳುತ್ತಾನೆ ಎಂಬುದು ನನಗೆ ಗೊತ್ತಿತ್ತು.

ಮುಖ ಎತ್ತಲಾಗದೆ ಕೀ ತೆಗೆದು ಅಕ್ಕನ ಮುಂದೆ ಹಿಡಿದೆ. ಅವಳು ಖಾಲಿ ಕ್ಯಾನುಗಳನ್ನು ಗಾಡಿಗೆ ಇಟ್ಟಳು.

"ನಿನ್ನ ಹತ್ರಾನೇ ಇರ್ಲಿ" ಅಂದಳು. "ನಾಳೆ ಮತ್ತೆ ನಿಂತ್ರೆ, ಬೈಸ್ಕೊಳ್ಳೋಕೆ ನೀನೊಬ್ನೇ ಇರ್ತೀಯ."

ಮನೆಯ ಕಡೆ ಕುಂಟುತ್ತಾ ಹೊರಟಳು. ನಾನು ಗಾಡಿಯಲ್ಲಿ ಕೂತು, ಅವಳ ಹಿಂದೆ, ಅವಳ ನಡಿಗೆಯಷ್ಟೇ ನಿಧಾನವಾಗಿ ಓಡಿಸಿಕೊಂಡು ಹೋದೆ.