ಟೇಪು ಮುಟ್ಟದ ಅಳತೆ

ನಡುರಾತ್ರಿ ದಾರ ಹರಿದ ಸಣ್ಣ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೊಮ್ಮೆ. ಗಾಳಿಗೆ ಕ್ಯಾಲೆಂಡರ್ ಅಲ್ಲಾಡಿದರೂ ಎದ್ದು ಕೂರುವವಳು ನಾನು. ಮೆಲ್ಲಗೆ ಹೋಗಿ ನೋಡಿದೆ.

ಗೆಳತಿಯ ಕೋಣೆಯ ಬಾಗಿಲು ಓರೆಯಾಗಿತ್ತು. ಅಮ್ಮ ಅವಳಿಗೆಂದು ಹೊಲಿದ ನೀಲಿ ಅಂಗಿಯನ್ನು ತಿರುವುಮುರುವು ಮಾಡಿ ತೊಡೆಯ ಮೇಲೆ ಹರಡಿಕೊಂಡು, ಅವಳು ಪಕ್ಕದ ಹೊಲಿಗೆ ಬಿಚ್ಚುತ್ತಿದ್ದಳು. ಆ ಅಂಗಿ ಅಮ್ಮನಿಗೆ ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಹಗಲು ನಾನೇ ಹೇಳಿದ್ದೆ.

ಅಮ್ಮ ಮೂವತ್ತೈದು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಕೊರಳಲ್ಲಿ ಟೇಪು ನೇತಾಡುತ್ತದೆ, ಅದು ಗಿರಾಕಿಗಳ ಸಮಾಧಾನಕ್ಕೆ ಮಾತ್ರ. "ನಾನು ಬಟ್ಟೆ ನೋಡಲ್ಲ, ಮೈ ನೋಡ್ತೀನಿ" ಎನ್ನುವುದು ಅವಳ ಜಂಬ. ಕಣ್ಣಿನ ಆಪರೇಷನ್ ಆದ ಮೇಲೆ ಆ ಜಂಬ ಇಳಿದುಹೋಗಿತ್ತು. ಗಿರಾಕಿಗಳೂ ಕಡಿಮೆಯಾದರು. ಹೊರದೇಶದಿಂದ ನನ್ನ ಗೆಳತಿ ಬರುತ್ತಾಳೆಂದು ತಿಳಿದಾಗ ಅಮ್ಮ ಹೇಳಿದಳು:

"ಅವಳಿಗೊಂದು ಅಂಗಿ ಹೊಲೀತೀನಿ, ಕಣ್ಣಳತೇಲೇ. ಸರಿಯಾಗಿ ಕೂತ್ರೆ ಕೆಲಸ ಮುಂದುವರಿಸ್ತೀನಿ. ಇಲ್ಲಾಂದ್ರೆ ಮೆಷಿನ್ ಕೊಟ್ಟುಬಿಡ್ತೀನಿ. ಹಿಂದಿನ ಬೀದಿಯವರು ಕೇಳ್ತಾನೇ ಇದಾರೆ."

ಗೆಳತಿ ಬಂದಿಳಿದ ಸಂಜೆ ಅಮ್ಮ ಗೇಟಿನ ಬಳಿಯೇ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಒಳ್ಳೇ ಗುಂಡಮ್ಮ ಇದಾಳಲ್ಲೇ" ಎಂದು ನನ್ನ ಕಿವಿಯಲ್ಲಿ ಹೇಳಿ, ಕತ್ತರಿ ಹಿಡಿಯಲು ಹೋಗಿಬಿಟ್ಟಳು. ಆಮೇಲೆ ಕೋಣೆಯಲ್ಲಿ ಗುಂಡಮ್ಮ ಒಂದರ ಮೇಲೊಂದು ಹಾಕಿಕೊಂಡಿದ್ದ ಮೂರು ಸ್ವೆಟರುಗಳನ್ನು ಕಳಚಿದಳು. ಒಳಗಿದ್ದದ್ದು ಕಡ್ಡಿಯಂಥ ಹೆಂಗಸು. ನಮಗೆ ತಂದ ಉಡುಗೊರೆಗಳಿಂದ ಪೆಟ್ಟಿಗೆಯ ತೂಕ ಮೀರಿತ್ತಂತೆ. ಅದಕ್ಕೇ ಸ್ವೆಟರುಗಳನ್ನೆಲ್ಲ ಮೈಮೇಲೆ ಹೇರಿಕೊಂಡು ವಿಮಾನ ಹತ್ತಿದ್ದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅಮ್ಮನಿಗೆ ಹೇಳಬೇಕೆನಿಸಿತು. ಆದರೆ ಮೈ ನೋಡುವವಳಿಗೆ ಸ್ವೆಟರಿನ ವಿಷಯ ಹೇಳಿದರೆ ಅವಳ ಕಣ್ಣನ್ನು ಅನುಮಾನಿಸಿದಂತಾಗುತ್ತದೆ ಎಂದು ಹಿಂಜರಿದೆ.

ಆ ರಾತ್ರಿ ಅಮ್ಮ ಹೊಲಿಗೆಯ ಕೋಣೆ ಬಿಟ್ಟು ಬರಲೇ ಇಲ್ಲ. ಮರುದಿನ ಅವಳು ಏಳುವ ಮೊದಲೇ ನಾವು ಹೊರಟೆವು. ಹಿಂದೆ ಎರಡು ವರ್ಷ ಗೆಳತಿಯ ದೇಶದಲ್ಲಿ ಓದುವಾಗ ನಾನಿದ್ದದ್ದು ಅವಳ ಬಾಡಿಗೆ ಕೋಣೆಯಲ್ಲೇ. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಅಳು ಬಂದರೆ ಯಾವ ಪಾರ್ಕಿನ ಬೆಂಚಿಗೆ ಹೋಗಬೇಕು ಎಂಬುದನ್ನೆಲ್ಲ ಕಲಿಸಿದ್ದು ಅವಳು. ಅದಕ್ಕೆ ತಕ್ಕಂತೆ ನನ್ನ ದೇಶವನ್ನು ತೋರಿಸಬೇಕೆಂದು ಗಂಟೆಗಂಟೆಗೂ ಪಟ್ಟಿ ಬರೆದಿಟ್ಟಿದ್ದೆ. ಮ್ಯೂಸಿಯಂ ಮುಚ್ಚಿತ್ತು. ಹಳೆಯ ಸೇತುವೆಗೆ ಬಣ್ಣ ಬಳಿಯುತ್ತಿದ್ದರು. ನಾನು ದಾರಿಯುದ್ದಕ್ಕೂ ಕ್ಷಮೆ ಕೇಳುತ್ತಿದ್ದರೆ, ಅವಳು ಮೂಲೆಯಲ್ಲಿ ಕೂತು ಕೊಡೆ ರಿಪೇರಿ ಮಾಡುವವನ ಮುಂದೆ ಅರ್ಧ ಗಂಟೆ ನಿಂತು ಅವನ ಕೈಯನ್ನೇ ನೋಡಿದಳು. ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳ ಹರಿದ ಬೆನ್ನು ಹೊಲಿಯುವುದು ಅವಳ ವೃತ್ತಿ. ಕೆಲಸ ಮಾಡುವ ಕೈ ಕಂಡರೆ ಕಾಲು ಮುಂದೆ ಹೋಗುವುದಿಲ್ಲ. ಕೆರೆಯ ದಂಡೆಯಲ್ಲಿ ಕೂತಾಗ, ಅಂಗಿ ಸರಿಯಾಗಿ ಕೂರದಿದ್ದರೆ ಮೆಷಿನ್ ಕೊಟ್ಟುಬಿಡುತ್ತೇನೆಂಬ ಅಮ್ಮನ ಮಾತು ಹೇಳಿಬಿಟ್ಟೆ. ಅವಳು ತನ್ನ ತೆಳ್ಳಗಿನ ತೋಳುಗಳನ್ನು ನೋಡಿಕೊಂಡಳು.

ರಾತ್ರಿ ನಾವು ಮನೆ ಸೇರುವಾಗ ಅಮ್ಮ ಮಲಗಿದ್ದಳು. ಅಂಗಿ ಗೆಳತಿಯ ಹಾಸಿಗೆಯ ಮೇಲೆ ಮಡಿಸಿ ಇಟ್ಟಿತ್ತು.

ಈಗ ಬಾಗಿಲ ಸಂದಿಯಿಂದ ನೋಡುತ್ತ ನಿಂತೆ. ಅವಳು ಪಕ್ಕ ಬಿಚ್ಚಿದ ಅಂಗಿ ತೊಟ್ಟು, ಅಂಚುಗಳನ್ನು ಮೈಗೆ ಒತ್ತಿ ಹಿಡಿದು ಕನ್ನಡಿಯ ಮುಂದೆ ನಿಂತಳು. ಎರಡೂ ಪಕ್ಕ ನಾಲ್ಕು ನಾಲ್ಕು ಬೆರಳು ಸಡಿಲ, ಮೂರು ಸ್ವೆಟರಿಗೆ ಎಷ್ಟು ಬೇಕೋ ಅಷ್ಟೇ. ಅಂದರೆ ಅಮ್ಮನ ಕಣ್ಣು ಕಂಡದ್ದನ್ನು ಸರಿಯಾಗಿಯೇ ಅಳೆದಿತ್ತು. ಅವಳು ಅಂಗಿ ಕಳಚಿ, ಗುರುತು ಹಾಕಿಕೊಂಡು, ಪುಸ್ತಕಕ್ಕೆ ಹಾಕುವ ಒತ್ತಾದ ಹೊಲಿಗೆ ಹಾಕತೊಡಗಿದಳು. ದೀಪಕ್ಕೆ ಬಗ್ಗಿದ ಆ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದೆ. ಬಂದ ದಾರಿಯಲ್ಲೇ ಹಿಂದಿರುಗಿದೆ.

ಬೆಳಿಗ್ಗೆ ಅವಳು ಅಂಗಿ ತೊಟ್ಟು ಹೊರಬಂದಳು. ಅಮ್ಮ ಅವಳ ಸುತ್ತ ಒಂದು ಸುತ್ತು ಬಂದಳು. ಭುಜ ಎಳೆದು ನೋಡಿದಳು, ಸೊಂಟದ ಬಳಿ ಚಿವುಟಿ ನೋಡಿದಳು.

"ಮೂಟೆ ಥರ ಬಂದಿದ್ಲು ಕಣೇ. ನಾನೇ ಗುಂಡಮ್ಮ ಅಂದಿದ್ದೆ. ಆದ್ರೂ ಒಳಗಿನ ಮೈ ಹಿಡಿದಿದೀನಿ ನೋಡು," ಎಂದಳು ನನಗೆ. "ಟೇಪು ಮುಟ್ಟಿಲ್ಲ ಅಂತ ಅವಳಿಗೆ ಹೇಳು."

ಹೇಳಿದೆ. ಅಷ್ಟರಲ್ಲಿ ಅಮ್ಮನ ಹೆಬ್ಬೆರಳು ಅಭ್ಯಾಸಬಲದಿಂದ ಪಕ್ಕದ ಹೊಲಿಗೆಯ ಕಡೆ ಸರಿಯಿತು. ಗೆಳತಿ ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ನಮ್ಮ ಮಾತಿನಲ್ಲಿ ಅವಳು ಕಲಿತಿದ್ದ ಒಂದೇ ಪದವನ್ನು ಹೇಳಿದಳು: "ಅಮ್ಮಾ."

"ಸಾಕು ಬಿಡೇ, ಕಣ್ಣಲ್ಲಿ ನೀರು ತರಿಸ್ಬೇಡ," ಎಂದು ಅಮ್ಮ ಕೈ ಬಿಡಿಸಿಕೊಂಡು ಹಿಂದಿನ ಬೀದಿಗೆ ಫೋನು ಮಾಡಿದಳು. ಮೆಷಿನ್ ಕೊಡುವುದಿಲ್ಲವೆಂದು ಹೇಳುವಾಗ ಅವಳ ದನಿ ಗಿರಾಕಿಗಳೊಡನೆ ಮಾತಾಡುವ ಹಳೆಯ ದನಿಯಾಗಿತ್ತು.

ನಾನು ಕಂಡದ್ದು ಗೆಳತಿಗೆ ಗೊತ್ತಿಲ್ಲ. ಧನ್ಯವಾದ ಹೇಳೋಣವೆಂದು ಅವಳ ಕಡೆ ನಾಲ್ಕು ಹೆಜ್ಜೆ ಇಟ್ಟೆ. ಹೇಳಿದರೆ ಅವಳು ಮಾಡಿದ್ದು ಗುಟ್ಟಾಗಿ ಉಳಿಯುವುದಿಲ್ಲ. ಅಮ್ಮನಿಗಷ್ಟೇ ಅಲ್ಲ, ಅವಳಿಗೂ ಹೇಳಬಾರದು ಎಂದುಕೊಂಡು, ಇವತ್ತಿನ ಸುತ್ತಾಟದ ಬಸ್ಸಿಗೆ ಹೊತ್ತಾಯಿತು ಅಂತಷ್ಟೇ ಹೇಳಿದೆ.