ಅಂಟಪ್ಪನ ತೇಪೆ

ಅಪ್ಪನನ್ನು ಸಭೆಗೆ ಕರೆತರಬಾರದಿತ್ತು ಎಂದು ಮಗಳಿಗೆ ಅನ್ನಿಸಿದ್ದು ಮ್ಯೂಸಿಯಂನ ಮೂರು ಮಹಡಿ ಹತ್ತಿದ ಮೇಲೆ. ಬಿಟ್ಟು ಬರುವುದಾದರೂ ಹೇಗೆ? ಬೆಳಿಗ್ಗೆ ಆರಕ್ಕೇ ಇಸ್ತ್ರಿ ಅಂಗಿ ತೊಟ್ಟು ಬಾಗಿಲಿಗೆ ಅಡ್ಡ ಕೂತಿದ್ದ ಆಸಾಮಿ. "ನನ್ನನ್ನ ಮೋಸಗಾರ ಅಂತಾರಂತೆ. ನನ್ನ ಮುಖ ನೋಡ್ಕೊಂಡು ಅನ್ನಲಿ," ಎಂದಿದ್ದ.

ಎಲ್ಲರ ಬಾಯಲ್ಲೂ ಅವನು ಅಂಟಪ್ಪ. ಮೂವತ್ತೆಂಟು ವರ್ಷ ಇದೇ ಕಟ್ಟಡದ ನೆಲಮಾಳಿಗೆಯಲ್ಲಿ ಕೂತು, ಹುಳ ತಿಂದ ಹಾಳೆಗಳಿಗೆ ತೇಪೆ ಹಾಕಿದವನು. ಅವನ ಬೆರಳಿನ ಅಂಟು ಪೂರ್ತಿ ಒಣಗಿದ್ದನ್ನು ಕಂಡವರಿಲ್ಲ. ಈಗ ಆ ಮೇಜು, ಅವನ ಪಕ್ಕದಲ್ಲೇ ಕೂತು ಕೆಲಸ ಕಲಿತ ಮಗಳದು.

ಸಭೆಯ ನಡುವೆ ಗಾಜಿನ ಹಲಗೆಯ ಮೇಲೆ ಕಡಲಿನ ನಕ್ಷೆ ಹರಡಿತ್ತು. ಕರುವಿನ ತೊಗಲಿನ ಮೇಲೆ ಬರೆದದ್ದು, ಆರುನೂರು ವರ್ಷ ಹಳೆಯದು ಎಂದು ಮ್ಯೂಸಿಯಂ ಬೀಗುತ್ತಿದ್ದದ್ದು. ಅದರ ಪಶ್ಚಿಮದ ಮೂಲೆಯಲ್ಲಿ ಕಾಳಿನಷ್ಟು ಒಂದು ದ್ವೀಪ. ಆ ಕಾಲದಲ್ಲಿ ಅತ್ತ ಕಡೆ ಯಾವ ಹಡಗೂ ಹೋಗಿರಲಿಲ್ಲ. ನಕ್ಷೆಗೆ ಹೆಸರು ಬಂದದ್ದೇ ಅದರಿಂದ. ಆ ದ್ವೀಪದ ಮೇಲೆ ಮುನ್ನೂರು ಪುಟದ ಪುಸ್ತಕ ಬರೆದ ಪ್ರೊಫೆಸರ್ ಒಂದು ಕಡೆ ಕೂತಿದ್ದರು. ಇನ್ನೊಂದು ಕಡೆ, ಅದೇ ದ್ವೀಪದಿಂದ ಚೂರು ಶಾಯಿ ಕೆರೆದು ಪರೀಕ್ಷೆ ಮಾಡಿದ್ದ ತಜ್ಞೆ.

"ಈ ಶಾಯಿಗೆ ಐವತ್ತು ವರ್ಷ ಕೂಡ ಆಗಿಲ್ಲ. ಇಡೀ ನಕ್ಷೆನೇ ಖೋಟಾ," ಎಂದರು ತಜ್ಞೆ. "ನಕ್ಷೆ ಇಲ್ಲಿಗೆ ಬಂದ ವರ್ಷ ಮೂರು ತಿಂಗಳು ಒಬ್ಬರ ಕೈಯಲ್ಲೇ ಇತ್ತು. ಇಷ್ಟು ಸೊಗಸಾಗಿ ಹಳೇದರ ಹಾಗೆ ಬರೆಯೋ ಕೈ ಇದ್ದದ್ದೂ ಅವರಿಗೊಬ್ಬರಿಗೇ."

"ಹೊಗಳ್ತಿದ್ದಾಳೋ, ಬೈತಿದ್ದಾಳೋ?" ಅಪ್ಪ ಮಗಳ ಕಿವಿಯಲ್ಲಿ ಕೇಳಿದ.

ಮಗಳಿಗೆ ಮೈಯೆಲ್ಲ ಉರಿಯಿತು. ಇವತ್ತು ಇವರು ಖೋಟಾ ಎಂದು ಬರೆದರೆ ಮೂವತ್ತೆಂಟು ವರ್ಷದ ಕೆಲಸವೆಲ್ಲ ನೀರುಪಾಲು. ಅಪ್ಪ ಮುಟ್ಟಿದ ಪ್ರತಿಯೊಂದು ಹಾಳೆಯನ್ನೂ ನಾಳೆಯಿಂದ ಜನ ಅನುಮಾನದಿಂದ ನೋಡುತ್ತಾರೆ. ಅವಳು ಎದ್ದು ಹೋಗಿ ದೀಪವನ್ನು ಬಗ್ಗಿಸಿ ನಕ್ಷೆಯ ಮೇಲೆ ಓರೆಯಾಗಿ ಬೆಳಕು ಬಿಟ್ಟಳು.

"ಮೇಡಂ, ಭೂತಗನ್ನಡಿ ಹಿಡಿದು ನೋಡಿ. ಕರುವಿಗೆ ಕೂದಲಿದ್ದ ಕಡೆ ಸಣ್ಣ ಸಣ್ಣ ಗುಳಿ ಇವೆ. ನಕ್ಷೆ ತುಂಬ ಅವು ಮೇಲಿಂದ ಕೆಳಗೆ ಸಾಲಾಗಿವೆ. ದ್ವೀಪದ ಹತ್ತಿರ?"

ತಜ್ಞೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. "ಅಡ್ಡಡ್ಡ ಇವೆ," ಎಂದರು ಕೊನೆಗೆ.

"ಅದು ತೇಪೆ. ಅಂಚನ್ನ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೆರೆದು ಕೂರಿಸಿದ್ದಾರೆ. ಹಿಂದೆ ಬಟ್ಟೆಯ ಅಸ್ತರು ಅಂಟಿಸಿರೋದ್ರಿಂದ ಅಲ್ಲೂ ಕಾಣಲ್ಲ. ನೋಡೋರ ಕಣ್ಣಿಗೆ ಬೀಳಬಾರದು, ಆದರೆ ಮುಂದೆ ರಿಪೇರಿ ಮಾಡೋರಿಗೆ ಗೊತ್ತಾಗಲೇಬೇಕು ಅಂತ ಅಪ್ಪ ಯಾವಾಗಲೂ ತೊಗಲನ್ನ ಅಡ್ಡ ತಿರುಗಿಸಿಯೇ ಹಾಕೋರು. ಮೋಸ ಮಾಡೋನು ಯಾರಾದ್ರೂ ಹೀಗೆ ಗುರುತು ಬಿಡ್ತಾನಾ? ನೀವು ಕೆರೆದಿರೋದು ತೇಪೆಯ ಶಾಯಿ. ನಕ್ಷೆಯ ಶಾಯಿ ಕೆರೆದು ನೋಡಿ."

ಹೇಳುವಾಗ ಅವಳ ಎದೆ ಉಬ್ಬಿತ್ತು. ಆದರೆ ತಜ್ಞೆಯೂ ಬಿಡುವ ಪೈಕಿಯಲ್ಲ. "ನೋಡ್ತೀನಿ. ತೇಪೆ ಹಾಕಿದ್ದು ಸರಿ, ಅದರ ಮೇಲೆ ಇಲ್ಲದ ದ್ವೀಪ ಯಾಕೆ ಬರೆದರು? ಅದು ಖೋಟಾ ಅಲ್ವಾ?"

ವಾರದಿಂದ ಮಗಳೂ ಅಪ್ಪನನ್ನು ಅದನ್ನೇ ಕೇಳುತ್ತಿದ್ದಳು. ಅವನು ಪ್ರತಿ ಸಲವೂ ಮಾತು ಮರೆಸಿದ್ದ.

ಹಿಂದೆ ಕುರ್ಚಿ ಕಿರ್ರೆಂದಿತು. ಅಪ್ಪ ಎದ್ದು ನಿಂತಿದ್ದ.

"ನಾನು ಬರೀಲಿಲ್ಲಮ್ಮ. ಬಿತ್ತು."

"ಏನು ಬಿತ್ತು?"

"ಶಾಯಿ. ಅಲ್ಲಿ ಬರೀ ಸಮುದ್ರ ಇತ್ತು. ತುಂಡಾಗಿದ್ದ ಅಲೆಯ ಗೆರೆ ಕೂಡಿಸೋಕೆ ಹೋದೆ, ಒಂದು ತೊಟ್ಟು ತೊಟಕ್ ಅಂತ ಬಿತ್ತು. ಕೆರೆದರೆ ಅಷ್ಟು ತೆಳು ತೇಪೆ ಹರಿದುಹೋಗುತ್ತೆ. ಸುತ್ತ ಒಂದು ದಡ ಎಳೆದೆ, ದ್ವೀಪ ಆಯ್ತು."

"ಆಗಲೇ ಹೇಳೋದಲ್ವಾ?" ಎಂದರು ಪ್ರೊಫೆಸರ್. ಅವರ ಧ್ವನಿ ಅಳುವಂತಿತ್ತು.

"ಅಂಟಪ್ಪನ ಕೈಯಿಂದ ಶಾಯಿ ಬಿತ್ತು ಅಂತ ಯಾವ ಬಾಯಲ್ಲಿ ಹೇಳಲಿ? ಹಾಳು ಜಂಬ. ಹೇಳೋಣ ಅಂದ್ಕೊಳ್ಳೋ ಹೊತ್ತಿಗೆ ನಿಮ್ಮ ಪುಸ್ತಕ ಬಂತು ಸ್ವಾಮಿ. ಅದನ್ನ ಪೂರ್ತಿ ಓದಿದೆ. ಚೆನ್ನಾಗಿ ಬರೆದಿದ್ದೀರಿ."

ಪ್ರೊಫೆಸರ್ ಕನ್ನಡಕ ತೆಗೆದು ಒರೆಸತೊಡಗಿದರು. ತಜ್ಞೆಗೆ ಮೊದಲು ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರವಾಗಿ, ಬೇರೆ ಮೂರು ಕಡೆಯಿಂದ ಶಾಯಿ ತೆಗೆಯುತ್ತೇನೆ, ಇವತ್ತಿನ ಮಾತನ್ನೆಲ್ಲ ವರದಿಯಲ್ಲಿ ಹಾಕುತ್ತೇನೆ, ಮೋಸ ಎಂಬ ಪದವನ್ನು ತೆಗೆಯುತ್ತೇನೆ ಎಂದರು. ಅಪ್ಪನ ಹೆಸರು ಉಳಿಯಿತು.

"ಆ ದ್ವೀಪ ಅಲ್ಲಿರಬಾರದು," ಎಂದರು ಪ್ರೊಫೆಸರ್, ಮಗಳತ್ತ ತಿರುಗಿ. "ಈ ತೇಪೆ ಬಿಚ್ಚಿ ಬೇರೆ ಹಾಕೋಕಾಗುತ್ತಾ?"

ಮಗಳು ತೇಪೆಯ ಮೇಲೆ ಬೆರಳಾಡಿಸಿದಳು. ಎಲ್ಲಿ ಶುರು, ಎಲ್ಲಿ ಮುಗಿತಾಯ, ಒಂದೂ ತಿಳಿಯಲಿಲ್ಲ. ಇಂಥವನ ಮಗಳು ನಾನು ಎಂದು ಕೂಗಿ ಹೇಳಬೇಕೆನಿಸಿತು.

"ಇಲ್ಲ ಸರ್. ಇಂಥ ತೇಪೆ ಹಾಕೋ ಕೈ ನನ್ನದಲ್ಲ."

"ಸುಳ್ಳು ಹೇಳ್ತಾಳೆ," ಎಂದ ಅಪ್ಪ. "ನಾನು ಕೆಲಸ ಬಿಡೋ ಹತ್ತು ವರ್ಷ ಮುಂಚೆನೇ ಇವಳ ಕೈ ನನ್ನ ಕೈಯನ್ನ ಮೀರಿಸಿತ್ತು. ಅದನ್ನೂ ಜಂಬಕ್ಕೇ ಹೇಳಿರಲಿಲ್ಲ. ತೆಗಿಯಮ್ಮ ಅದನ್ನ. ನೀನೇ ಹಾಕು."

ಅಷ್ಟು ಜನರ ಮುಂದೆ ಮಗಳು ಅತ್ತಳು, ಕಣ್ಣು ಒರೆಸಿಕೊಳ್ಳಲೂ ಇಲ್ಲ. ನಕ್ಷೆಯ ಮೇಲೆ ಹನಿ ಬಿದ್ದೀತೆಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು, ಅಷ್ಟೆ.